ಪ್ರಸಾದವೂ ಪ್ರಮಾಣವೂ



ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಲಿಂಗಾರ್ಪಿತವಾದ ಪದಾರ್ಥವು ಪ್ರಸಾದವೆನಿಸುವುದು. ಆದಕಾರಣವೇ ತಟ್ಟೆಯಲ್ಲಿ ಒಂದಗುಳನ್ನೂ ಉಳಿಸಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಕಟ್ಟಳೆಯೇನೋ ಪವಿತ್ರವಾದುದು. ಆದರೆ ಸಾಕೆಂದು ಮೋರೆ ತಿರುಗಿಸಿದ ಎರಡು ವರ್ಷದ ಕೂಸಿನ ಬಾಯಿಗೆ, ಈ ಕಟ್ಟಳೆಯ ಹೆಸರಿನಲ್ಲಿಯೇ ಮತ್ತೊಂದು ತುತ್ತನ್ನು ತುರುಕುವುದು ಪ್ರಸಾದನಿಷ್ಠೆಯೇ?

ಉಳಿಸದಿರುವುದು ಉಣ್ಣುವವರ ಧರ್ಮವಾದರೆ, ಅಳತೆಯರಿತು ಬಡಿಸುವುದು ಬಡಿಸುವವರ ಧರ್ಮ. ಕೂಸು ತಾನಾಗಿ ಬಡಿಸಿಕೊಳ್ಳದು. ಆದುದರಿಂದ ಉಳಿದ ತುತ್ತಿನ ಹೊಣೆ ಅದರದಲ್ಲ, ನಮ್ಮದು. ಮೊದಲು ಸ್ವಲ್ಪವನ್ನೇ ಇಡಿರಿ. ಬೇಡಿದರೆ ಮತ್ತೆ ಬಡಿಸಿರಿ. ಹಸಿವು ತೃಪ್ತಿಗಳನ್ನರಿಯುವ ಶಕ್ತಿಯನ್ನು ಶಿವನು ಕೂಸಿಗೆ ಹುಟ್ಟಿನೊಡನೆಯೇ ಕೊಟ್ಟಿರುವನು. ಒತ್ತಾಯವು ಅದನ್ನು ಮೊಂಡಾಗಿಸುವುದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಬರವನ್ನು ಕಂಡುಂಡ ಸೀಮೆಗಳು. ಇಲ್ಲಿ ದುಂಡನೆಯ ಕೂಸು ಸಿರಿಯ ಗುರುತೆನಿಸಿದುದು ಸಹಜ. ಬಡಕಲು ಮಕ್ಕಳಿರುವ ನಾಡಿನಲ್ಲಿ ಬೊಜ್ಜಿನ ಮಾತೇಕೆಂದು ಕೆಲವರು ಕೇಳಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಭಾರತದಲ್ಲಿ ಐದು ವರ್ಷದೊಳಗಿನ ಅತಿತೂಕದ ಮಕ್ಕಳು 2015-16ರಲ್ಲಿ ನೂರಕ್ಕೆ 2.1 ಇದ್ದುದು 2019-21ರಲ್ಲಿ 3.4 ಆಯಿತು; ಅದೇ ಕಾಲಕ್ಕೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ನೂರಕ್ಕೆ 35.5 ಇದ್ದರು. ಬಿಸ್ಕತ್ತು, ಪೊಟ್ಟಣದ ತಿಂಡಿ, ಸಿಹಿಪಾನೀಯಗಳು ಹೊಟ್ಟೆಯನ್ನು ತುಂಬಿಸುವುವೇ ಹೊರತು ಮೈಯನ್ನು ಬೆಳೆಸವು. ಕೊರತೆಯೂ ಬೊಜ್ಜೂ ಒಂದೇ ಮನೆಗೆ ಬರುವ ದಾರಿಯಿದು. ಎಳವೆಯಲ್ಲಿ ಸೇರಿದ ಬೊಜ್ಜು ಪ್ರಾಯದವರೆಗೂ ಉಳಿದು ಸಕ್ಕರೆರೋಗಕ್ಕೂ ರಕ್ತದೊತ್ತಡಕ್ಕೂ ಎಡೆಗೊಡಬಹುದು.

ತಾಯಂದಿರೇ, ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು. ಅನಂತರ ಎರಡು ವರ್ಷಗಳವರೆಗೂ, ಅದಕ್ಕೆ ಮೇಲೆಯೂ, ಎದೆಹಾಲಿನೊಡನೆ ನಮ್ಮ ಹೊಲದ ರಾಗಿ, ಜೋಳ, ನವಣೆಗಳ ಮೆತ್ತನೆಯ ಅಡುಗೆ, ಬೇಳೆ, ಸೊಪ್ಪು, ಹಣ್ಣುಗಳನ್ನು ಕೊಡಿರಿ. ಎರಡು ತುಂಬುವವರೆಗೆ ಸಕ್ಕರೆ ಬೇಡ. ಕೊಟ್ಟೂರೇಶ್ವರನ ತೇರಿಗೆ ಹೋದಾಗ ಅಜ್ಜ ಅಜ್ಜಿಯರು ಮೊಮ್ಮಗುವಿಗೆ ಬೆಂಡು ಬೆತ್ತಾಸಿನ ಬದಲು ಒಂದು ಚೆಂಡನ್ನು ಕೊಳ್ಳಲಿ, ಪ್ರೀತಿಯೇನೂ ಕಡಿಮೆಯಾಗದು.

ಕಾಯಕವೇ ಕೈಲಾಸವೆನ್ನುವ ನಮಗೆ, ಆಟವೇ ಕೂಸಿನ ಕಾಯಕವೆಂಬುದು ತಿಳಿದಿರಬೇಕು. ಒಂದರಿಂದ ನಾಲ್ಕು ವರ್ಷದವರು ದಿನಕ್ಕೆ ಮೂರು ಗಂಟೆಯಾದರೂ ಓಡಾಡಿ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿತು. ಮೊಬೈಲು ತೋರಿಸುತ್ತ ಉಣಿಸಿದರೆ ಕೂಸಿಗೆ ಅನ್ನದ ಅರಿವೂ ಇಲ್ಲ, ತೃಪ್ತಿಯ ಅರಿವೂ ಇಲ್ಲ. ಅರಿವಿಲ್ಲದ ಊಟವು ಪ್ರಸಾದವಾಗುವುದೆಂತು?

ಅಂಗನವಾಡಿಯಲ್ಲಿ ಕೂಸಿನ ತೂಕವನ್ನೂ ಎತ್ತರವನ್ನೂ ತಪ್ಪದೆ ಅಳೆಯಿಸಿರಿ. ಎತ್ತರಕ್ಕೆ ಮೀರಿದ ತೂಕ ಕಂಡರೆ ಉಪವಾಸ ಕೆಡವದೆ ವೈದ್ಯರನ್ನು ಕೇಳಿರಿ.

ಶಿಶುವಿಗೆ ಲಿಂಗಧಾರಣೆ ಮಾಡಿಸಿದಂದೇ ಆ ಕಾಯವು ಲಿಂಗದ ಮನೆಯಾಯಿತು. ಆ ಮನೆಯನ್ನು ಬರಿದೂ ಮಾಡದೆ, ಭಾರವೂ ಮಾಡದೆ ಕಾಯುವುದು ತಂದೆತಾಯಿಗಳ ನಿತ್ಯಪೂಜೆ.