ಜನರ ಒಪ್ಪಿಗೆ ಎಷ್ಟು ದೂರ?

1961ರ ಡಿಸೆಂಬರ್ 18ರಂದು ಭಾರತದ ಸೇನೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾದೊಳಗೆ ನುಗ್ಗಿತು. ಒಂದು ತುಕಡಿ ಮಡ್ಕಯಿ ಎಂಬ ಊರಿಗೆ ಹತ್ತಿರದ ಬಾಣಸ್ತಾರಿಯ ಮೇಲೆ ಹಾದು ಪಣಜಿಯತ್ತ ಸಾಗಿತು. ಮರುದಿನ ಪೋರ್ಚುಗೀಸರು ಶರಣಾದರು.

ಈ ಕಾರ್ಯಾಚರಣೆಗೆ ದೇಶದಲ್ಲಿ ಬೆಂಬಲ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1955ರ ಆಗಸ್ಟ್ 15ರಂದು ಗೋವಾದ ಬಿಡುಗಡೆಗಾಗಿ ಹೊರಟ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರ ಗುಂಡು ಹಾರಿತ್ತು. ಆಗಲೂ ಪ್ರಧಾನಿ ನೆಹರೂ ಸೈನ್ಯ ಕಳಿಸಲಿಲ್ಲ. 1961ರ ನವೆಂಬರ್‌ನಲ್ಲಿ ಕಾರವಾರದೆದುರಿನ, ಪೋರ್ಚುಗೀಸರ ವಶದಲ್ಲಿದ್ದ ಅಂಜದೀವ್ ದ್ವೀಪದಿಂದ ಭಾರತದ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿದಾಗ ಜನರ ತಾಳ್ಮೆಯ ಕಟ್ಟೆಯೊಡೆಯಿತು. ಆದರೆ ಆ ಬೆಂಬಲ ಇದ್ದದ್ದು ಯಾವುದಕ್ಕೆ? ಪೋರ್ಚುಗೀಸರನ್ನು ಕಳಿಸುವುದಕ್ಕಷ್ಟೇ, ಅಥವಾ ಮುಂದಾಗುವ ಎಲ್ಲದಕ್ಕೂ?

ಇಲ್ಲಿ ರಾಜಕೀಯ ಚಿಂತಕ ರೂಸೋ ನೆರವಿಗೆ ಬರುತ್ತಾನೆ. 1762ರ ‘ಸಾಮಾಜಿಕ ಒಪ್ಪಂದ’ದಲ್ಲಿ ಅವನು ‘ಸರ್ವರ ಇಚ್ಛೆ’ಯನ್ನೂ ‘ಸಾಮಾನ್ಯ ಇಚ್ಛೆ’ಯನ್ನೂ ಬೇರ್ಪಡಿಸಿದ. ಉದಾಹರಣೆಗೆ, ಮಡ್ಕಯಿ ಕಡೆಯ ಖಾಜನ್ ಎಂಬ ತಗ್ಗಿನ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಒಡ್ಡು ಕಟ್ಟಿರುತ್ತಾರೆ. ಒಡ್ಡಿನ ಕೆಲಸ ತನಗೆ ಕಡಿಮೆ ಬರಲಿ ಎಂದು ಒಬ್ಬೊಬ್ಬರೂ ಬಯಸಿದರೆ, ಆ ಬಯಕೆಗಳ ಮೊತ್ತ ಸರ್ವರ ಇಚ್ಛೆ. ಒಡ್ಡು ಒಡೆಯಬಾರದು ಎಂಬುದು ಸಾಮಾನ್ಯ ಇಚ್ಛೆ. ಇನ್ನೊಂದು ಮಾತನ್ನೂ ರೂಸೋ ಹೇಳಿದ: ಯುದ್ಧ ಸಾರುವುದು ಜನರ ಪರಮಾಧಿಕಾರದ ಕೃತ್ಯವಲ್ಲ, ಅದು ಕಾನೂನನ್ನು ಒಂದು ಸಂದರ್ಭಕ್ಕೆ ಅನ್ವಯಿಸುವ ಕೆಲಸ ಮಾತ್ರ. ಅಂದಮೇಲೆ ಯುದ್ಧಕ್ಕೆ ಸಿಕ್ಕ ಜೈಕಾರವನ್ನು ಮುಂದಿನದಕ್ಕೆಲ್ಲ ರುಜುವೆಂದು ಓದಿಕೊಳ್ಳುವಂತಿಲ್ಲ.

ಗೋವಾದಲ್ಲಿ ಇದು ಬಹುಬೇಗ ಕಣ್ಣಿಗೆ ಬಿತ್ತು. 1963ರ ಡಿಸೆಂಬರ್‌ನ ಚುನಾವಣೆಯಲ್ಲಿ ಮಹಾರಾಷ್ಟ್ರದೊಡನೆ ವಿಲೀನ ಬಯಸಿದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಗೆದ್ದಿತು. ಮಡ್ಕಯಿಯನ್ನು ಪ್ರತಿನಿಧಿಸಿದ ದಯಾನಂದ ಬಾಂದೋಡ್ಕರ್ ಮುಖ್ಯಮಂತ್ರಿಯಾದರು. ಗೆಲುವನ್ನೇ ವಿಲೀನಕ್ಕೆ ಒಪ್ಪಿಗೆ ಎಂದು ಪಕ್ಷ ತಿಳಿಯಿತು. ಜ್ಯಾಕ್ ಸಿಕ್ವೇರಾರ ಯುನೈಟೆಡ್ ಗೋವನ್ಸ್ ಪಕ್ಷ ಒಪ್ಪಲಿಲ್ಲ. ಜನರನ್ನೇ ನೇರವಾಗಿ ಕೇಳಿ ಎಂದಿತು.

1967ರ ಜನವರಿ 16ರಂದು ಜನಮತಗಣನೆ ನಡೆಸಿ ಕೇಳಿದರು. ವಿಲೀನಕ್ಕೆ ಹೂವಿನ ಗುರುತು, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವುದಕ್ಕೆ ಎರಡು ಎಲೆಯ ಗುರುತು. ಎಲೆಗೆ 1,72,191 ಮತ, ಹೂವಿಗೆ 1,38,170. ಅಂತರ 34,021. ಕೆಲವೇ ವಾರಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಬಾಂದೋಡ್ಕರ್ ಪಕ್ಷವೇ ಮತ್ತೆ ಗೆದ್ದಿತು! ಇದಕ್ಕಾಗಿ ಜನರನ್ನು ಚಂಚಲರು ಎನ್ನುವುದು ಅನ್ಯಾಯ. ಎರಡು ಪ್ರಶ್ನೆಗೆ ಅವರು ಎರಡು ಉತ್ತರ ಕೊಟ್ಟರು, ಅಷ್ಟೆ.

ಒಂದು ಕಡೆ ನಾನು ರೂಸೋನನ್ನು ಒಪ್ಪಲಾರೆ. ನಾಗರಿಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳದೆ ನಿರ್ಧರಿಸಿದರೆ ಸಾಮಾನ್ಯ ಇಚ್ಛೆ ಹೊರಬರುತ್ತದೆ ಎಂದು ಅವನು ನಂಬಿದ್ದ. ಗೋವಾದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ‘ರಾಷ್ಟ್ರಮತ’ ಎಂಬ ಪತ್ರಿಕೆ ಮರಾಠಿಯಲ್ಲೇ ವಿಲೀನದ ವಿರುದ್ಧ ಬರೆಯಿತು. ಉದಯ ಭೆಂಬ್ರೆಯವರ ಅಂಕಣವನ್ನು ಜನ ಕಾದು ಓದಿದರು. ಕೊಂಕಣಿ ಹಾಡುಗಳು ಊರೂರು ಸುತ್ತಿದವು. ಅಭಿಪ್ರಾಯ ಪಕ್ವವಾದದ್ದು ಈ ಜಗಳದಲ್ಲೇ. ಯುದ್ಧಕಾಲದಲ್ಲಿ ಮೊದಲು ಇಲ್ಲವಾಗುವುದು ಇಂಥ ಜಗಳಕ್ಕೆ ಬೇಕಾದ ಸಮಯ. 1961ರಲ್ಲಿ ಎಲ್ಲವೂ ಎರಡೇ ದಿನದಲ್ಲಿ ಮುಗಿದುಹೋಗಿತ್ತು.

ಹೂವಿಗೆ ಮತ ಹಾಕಿದವರೂ ಗೋವಾದವರೇ. ಅವರ ನಾಯಕ ಬಾಂದೋಡ್ಕರ್ ಫಲಿತಾಂಶಕ್ಕೆ ತಲೆಬಾಗಿ, 1973ರಲ್ಲಿ ತೀರಿಕೊಳ್ಳುವವರೆಗೂ ತಾವು ಬಯಸದಿದ್ದ ಕೇಂದ್ರಾಡಳಿತ ಪ್ರದೇಶಕ್ಕೇ ಮುಖ್ಯಮಂತ್ರಿಯಾಗಿದ್ದರು.