ಹದಕ್ಕೆ ಎಷ್ಟು ವರ್ಷ ಬೇಕು?

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ಗೆಳೆಯನೊಬ್ಬ ನನ್ನ ಕೈಗೆ ಒಂದು ಮರದ ಪೆಟ್ಟಿಗೆ ಇಟ್ಟ. ಒಳಗೆ 25 ಸಿಗಾರ್‌ಗಳು, ಕ್ಯೂಬಾದ ಮೊಂಟೆಕ್ರಿಸ್ಟೊ. ಅವನು ದುಬೈಯಲ್ಲಿದ್ದು ಇಪ್ಪತ್ತು ವರ್ಷದ ಮೇಲಾಯಿತು. ಅಲ್ಲಿ ಹತ್ತಿದ ಹವ್ಯಾಸ ಇದು. ವರ್ಷಕ್ಕೆ ಒಂದೆರಡು ಸಲ, ಅವನು ಬಂದಾಗ, ನಾನೂ ಅವನ ಜೊತೆ ಒಂದು ಹಚ್ಚುತ್ತಿದ್ದೆ. ಅವನು ಪೆಟ್ಟಿಗೆಯನ್ನು ತಿರುಗಿಸಿ ತಳದಲ್ಲಿ ಒತ್ತಿದ್ದ ಮುದ್ರೆ ತೋರಿಸಿದ. ಪೆಟ್ಟಿಗೆ ತುಂಬಿದ ತಿಂಗಳು, ವರ್ಷ ಅಲ್ಲಿರುತ್ತದೆ. ‘ನೋಡು, ಇನ್ನೂ ಎರಡು ವರ್ಷವೂ ಆಗಿಲ್ಲ, ಎಳೆಯವು. ಇನ್ನೊಂದು ಮೂರು ವರ್ಷ ಮುಟ್ಟಬೇಡ. ಆಮೇಲೆ ಸೇದಿ ನನಗೆ ಫೋನ್ ಮಾಡು’ ಎಂದ.

ಯಾಕೆ ಕೊಡುತ್ತಿದ್ದಾನೆ ಎಂಬುದು ನನಗೆ ಗೊತ್ತಿತ್ತು. ಹೋದ ವರ್ಷ ಅವನಿಗೆ ಎದೆನೋವು ಬಂದು ಎರಡು ಸ್ಟೆಂಟ್ ಹಾಕಿದ್ದರು. ಇನ್ನು ಹೊಗೆಯ ಹೆಸರೂ ಎತ್ತಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವನ ಮನೆಯ ಕಪಾಟಿನಲ್ಲಿ ಹತ್ತು ಹನ್ನೆರಡು ವರ್ಷದಿಂದ ಮಾಗಲು ಬಿಟ್ಟ ಪೆಟ್ಟಿಗೆಗಳಿವೆ. ಅವನ ಲೆಕ್ಕದಲ್ಲಿ ಅವು ಈಗ ಸರಿಯಾಗಿ ಮಾಗಿವೆ. ಸೇದಬೇಕಾದವನು ಮಾತ್ರ ಸೇದುವ ಹಾಗಿಲ್ಲ. ಆದರೂ ನನಗೆ ಕೊಡುವಾಗ ಅವನ ಬಾಯಲ್ಲಿ ಬಂದ ಮಾತು ‘ಇನ್ನೂ ಕಾಯಿ’ ಎಂದೇ.

ಆ ರಾತ್ರಿಯಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸಿಗಾರ್ ಮಾಗಲೇಬೇಕೆ? ಮಾಗದೆ ಅದು ರುಚಿಸುವುದೇ ಇಲ್ಲವೆ? ಕೇಳುವುದಕ್ಕೆ ಇದು ಉಳ್ಳವರ ಚಿಂತೆ. ಆದರೆ ಸ್ವಲ್ಪ ಕೆದಕಿದರೆ ಕೆಳಗೆ ಬೇರೆ ಪ್ರಶ್ನೆಯಿದೆ. ಸುಖವನ್ನು ಮುಂದಕ್ಕೆ ಹಾಕುವುದು ಯಾವಾಗ ತಾಳ್ಮೆ, ಯಾವಾಗ ಬರೀ ಭಯ? ಮತ್ತೆ, ಹಾಗೆ ಮುಂದಕ್ಕೆ ಹಾಕುವ ಅನುಕೂಲ ಯಾರಿಗಿದೆ?

ಮೊದಲು ವಸ್ತುವಿನ ವಿಚಾರ. ಕ್ಯೂಬಾದ ಪಶ್ಚಿಮದಲ್ಲಿ ಪಿನಾರ್ ದೆಲ್ ರಿಯೊ ಎಂಬ ಪ್ರಾಂತ್ಯವಿದೆ. ಒಳ್ಳೆಯ ಸಿಗಾರಿನ ಎಲೆ ಬೆಳೆಯುವುದು ಬಹುಪಾಲು ಅಲ್ಲಿ. ಕಿತ್ತ ಎಲೆಯನ್ನು ಮರದ ಕೊಟ್ಟಿಗೆಯಲ್ಲಿ ಗಾಳಿಗೆ ತೂಗುಹಾಕಿ ಸುಮಾರು 50 ದಿನ ಒಣಗಿಸುತ್ತಾರೆ. ಹಸಿರು ಹೋಗಿ ಹಳದಿ, ಹಳದಿ ಹೋಗಿ ಕಂದು ಬರುತ್ತದೆ. ಇಷ್ಟಾದ ಎಲೆಯನ್ನೂ ಸುತ್ತಿ ಸೇದಲಾಗುವುದಿಲ್ಲ, ಗಂಟಲು ಹಿಡಿಯುತ್ತದೆ. ಆಮೇಲೆ ಎಲೆಗಳನ್ನು ರಾಶಿ ಹಾಕಿ ಹುದುಗಲು ಬಿಡುತ್ತಾರೆ. ರಾಶಿ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ನಮ್ಮ ತಿಪ್ಪೆಯೊಳಗೆ ಕೈಯಿಟ್ಟರೆ ಬಿಸಿ ತಾಗುವುದಿಲ್ಲವೆ, ಹಾಗೆ. ಅಮೋನಿಯಾ ಹೊರಗೆ ಹೋಗುತ್ತದೆ, ಎಲೆಯ ಕಟುತನ ಇಳಿಯುತ್ತದೆ. ಬಿಸಿ ಮಿತಿ ಮೀರಿದರೆ ಎಲೆ ಕೆಡುತ್ತದೆ. ಅದಕ್ಕೆ ರಾಶಿಯನ್ನು ಆಗಾಗ ಒಡೆದು, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮಾಡಿ ಮತ್ತೆ ಕಟ್ಟಬೇಕು. ಇದನ್ನೆಲ್ಲ ಮಾಡುವವರು ಕೂಲಿ ಹೆಂಗಸರು, ಗಂಡಸರು. ಆ ವಾಸನೆಯಲ್ಲಿ ಕಣ್ಣು ಉರಿಸಿಕೊಂಡು ದುಡಿಯುವವರು.

ಅಷ್ಟಕ್ಕೂ ಮುಗಿಯಲಿಲ್ಲ. ಹುದುಗಿದ ಎಲೆಯನ್ನು ಮೂಟೆ ಕಟ್ಟಿ ಗೋದಾಮಿನಲ್ಲಿಡುತ್ತಾರೆ. ಗಿಡದ ಬುಡದ ಎಲೆಗೆ ವೊಲಾಡೊ ಎನ್ನುತ್ತಾರೆ, ಅದಕ್ಕೆ ಸುಮಾರು 9 ತಿಂಗಳು. ನಡುವಿನ ಸೆಕೊ ಎಲೆಗೆ ಒಂದರಿಂದ ಒಂದೂವರೆ ವರ್ಷ. ತುದಿಯಲ್ಲಿ ಹೆಚ್ಚು ಬಿಸಿಲು ಕುಡಿದ ಲಿಹೆರೊ ಎಲೆಗೆ ಎರಡು ವರ್ಷವಾದರೂ ಬೇಕು. ಈ ಎಲ್ಲವನ್ನೂ ಅಳತೆಯಲ್ಲಿ ಸೇರಿಸಿ ಸುತ್ತಿದ ಮೇಲೆ, ಸುತ್ತುವಾಗಿನ ತೇವ ಹಾರಲೆಂದು ಸಿಗಾರನ್ನು ದೇವದಾರು ಕಪಾಟಿನ ಕೋಣೆಯಲ್ಲಿ ಕೆಲವು ವಾರ ಇಡುತ್ತಾರೆ. ಅಂದರೆ ಅಂಗಡಿಯಲ್ಲಿ ‘ಹೊಸದು’ ಎಂದು ಕೊಳ್ಳುವ ಸಿಗಾರಿನೊಳಗೆ ಆಗಲೇ ಎರಡು ಮೂರು ವರ್ಷ ಕೂತಿರುತ್ತದೆ. ನನ್ನ ಗೆಳೆಯನ ಎಣಿಕೆ ಶುರುವಾಗುವುದು ಆ ವರ್ಷಗಳೆಲ್ಲ ಮುಗಿದ ಮೇಲೆ, ಪೆಟ್ಟಿಗೆಗೆ ಮುದ್ರೆ ಬಿದ್ದ ದಿನದಿಂದ.

ಆ ಮುದ್ರೆಯ ನಂತರದ ವರ್ಷಗಳು ಸುಳ್ಳು ಎಂದು ನಾನು ಹೇಳುವುದಿಲ್ಲ. ಹೊಸ ಪೆಟ್ಟಿಗೆ ತೆರೆದರೆ ಕೆಲವೊಮ್ಮೆ ಅಮೋನಿಯಾದ ಘಾಟು ಇನ್ನೂ ಇರುತ್ತದೆ. ಕೆಲವು ತಿಂಗಳಲ್ಲಿ ಅದು ಹೋಗುತ್ತದೆ. ಸರಿಯಾದ ತೇವದಲ್ಲಿಟ್ಟರೆ ವರ್ಷ ಕಳೆದ ಹಾಗೆ ಖಾರ ಇಳಿದು ಹೊಗೆ ಮೆತ್ತಗಾಗುತ್ತದೆ. ಹಾಗೇ ತೀರಾ ಹಳತಾದರೆ ಸತ್ವವೂ ಇಳಿಯುತ್ತದೆ, ಸಪ್ಪೆಯಾಗುತ್ತದೆ. ಹಳತನ್ನು ಮೆಚ್ಚುವ ಈ ರುಚಿಯನ್ನು ಬೆಳೆಸಿದವರಲ್ಲಿ ಲಂಡನ್ನಿನ ವ್ಯಾಪಾರಿಗಳೂ ಅವರ ಸಿರಿವಂತ ಗಿರಾಕಿಗಳೂ ಮುಂದು. ಈಗ ಕಂಪನಿಯವರೂ ಕಾಲವನ್ನೇ ಮಾರುತ್ತಾರೆ. 3 ವರ್ಷ ಇಟ್ಟ ಎಲೆಯದ್ದಕ್ಕೆ ‘ರೆಸೆರ್ವಾ’ ಎಂಬ ಪಟ್ಟಿ, 5 ವರ್ಷದ್ದಕ್ಕೆ ‘ಗ್ರಾನ್ ರೆಸೆರ್ವಾ’, ಅದಕ್ಕೆ ತಕ್ಕ ಬೆಲೆ.

ಆದರೆ ಹವಾನಾದ ಕಾರ್ಖಾನೆಯಲ್ಲಿ ಸಿಗಾರ್ ಸುತ್ತುವವನು ಏನು ಸೇದುತ್ತಾನೆ? ತಾನು ಆಗ ತಾನೇ ಸುತ್ತಿದ್ದನ್ನು, ಅದೇ ಮೇಜಿನ ಮೇಲೆ, ತೇವ ಆರುವ ಮುಂಚೆ. ಎಲೆಯನ್ನು ದಿನವಿಡೀ ಬೆರಳಲ್ಲಿ ತಿಳಿಯುವವನು ಅವನು. ಅವನಿಗೆ ಅದು ಎಳಸು ಅನ್ನಿಸುವುದಿಲ್ಲ. ಆ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಇದೆ. ಎತ್ತರದ ಪೀಠದಲ್ಲಿ ಕೂತ ಒಬ್ಬ, ಕೆಲಸಗಾರರಿಗೆ ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಿ ಹೇಳುತ್ತಾನೆ. ಅವರು ಬಹಳ ಇಷ್ಟಪಟ್ಟು ಕೇಳಿದ್ದು ಅಲೆಕ್ಸಾಂಡರ್ ಡ್ಯೂಮಾನ ‘ಕೌಂಟ್ ಆಫ್ ಮೊಂಟೆಕ್ರಿಸ್ಟೊ’. 1935ರಲ್ಲಿ ಶುರುವಾದ ಮೊಂಟೆಕ್ರಿಸ್ಟೊ ಸಿಗಾರಿಗೆ ಹೆಸರು ಬಂದದ್ದು ಅದರಿಂದ. ಮಾಡದ ತಪ್ಪಿಗೆ 14 ವರ್ಷ ಸೆರೆಯಲ್ಲಿ ಕೊಳೆತು, ತಪ್ಪಿಸಿಕೊಂಡು, ಸೇಡಿಗಾಗಿ ಮತ್ತೂ ವರ್ಷಗಟ್ಟಲೆ ಕಾದವನ ಕತೆ ಅದು. ಕಾಯುವವನ ಕತೆ ಕೇಳುತ್ತ, ಕಾಯದೆ ಸೇದುತ್ತ, ಇನ್ಯಾರೋ ಕಾಯಲೆಂದು ಅವರು ಸುತ್ತುತ್ತಿದ್ದರು. ಇದು ನೆನಪಾದಾಗಲೆಲ್ಲ ನನಗೆ ನಗುವೂ ಬರುತ್ತದೆ, ಒಂದು ಥರ ಸಂಕಟವೂ ಆಗುತ್ತದೆ.

ಸಂಕಟಕ್ಕೆ ಕಾರಣ ನಮ್ಮ ಮನೆ. ಹುಣಸೂರು ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಅಪ್ಪ ನಲವತ್ತು ವರ್ಷ ಹೊಗೆಸೊಪ್ಪು ಬೆಳೆದವರು. ಅದು ಸಿಗಾರಿನ ಎಲೆಯಲ್ಲ, ಸಿಗರೇಟಿಗೆ ಹೋಗುವ ವರ್ಜೀನಿಯಾ. ಅದನ್ನು ಗಾಳಿಗೆ ಒಣಗಿಸುವುದಿಲ್ಲ, ಬ್ಯಾರನ್ನಿನಲ್ಲಿ ಸೌದೆ ಉರಿಯ ಶಾಖಕ್ಕೆ ಬೇಯಿಸುತ್ತಾರೆ. ಬೆಂಕಿ ಹಾಕಿದರೆ ಐದಾರು ದಿನ ರಾತ್ರಿಯೂ ನಿದ್ದೆಯಿಲ್ಲ. ಶಾಖ ಬೇಗ ಏರಿದರೆ ಎಲೆ ಹಸಿರಲ್ಲೇ ನಿಲ್ಲುತ್ತದೆ, ತಡವಾದರೆ ಕಪ್ಪಾಗುತ್ತದೆ. ಬೆಂದ ಮೇಲೆ ಎಲೆ ಹಪ್ಪಳದಂತೆ ಆಗಿರುತ್ತದೆ, ಮುಟ್ಟಿದರೆ ಪುಡಿ. ಅದಕ್ಕೆ ಬಾಗಿಲು ತೆರೆದಿಟ್ಟು ರಾತ್ರಿಯ ತಂಪು ಗಾಳಿ ಒಳಗೆ ಬಿಡಬೇಕು. ಬೆಳಗಿನ ಜಾವ ಅಪ್ಪ ಒಂದು ಎಲೆಯನ್ನು ಮುಷ್ಟಿಯಲ್ಲಿ ಮೆತ್ತಗೆ ಹಿಸುಕಿ, ಬಿಟ್ಟು, ಅದು ಬಿಚ್ಚಿಕೊಳ್ಳುವುದನ್ನು ನೋಡುತ್ತಿದ್ದರು. ಬಿಚ್ಚಿಕೊಂಡರೆ ‘ಹದ ಬಂತು’ ಎಂದು ಎಲ್ಲರನ್ನೂ ಎಬ್ಬಿಸುತ್ತಿದ್ದರು. ಬಿಸಿಲೇರುವ ಮುಂಚೆ ಇಳಿಸಬೇಕು. ಹದ ಬರುವುದಕ್ಕೆ ಒಂದು ರಾತ್ರಿ ಸಾಕು, ಹೋಗುವುದಕ್ಕೆ ಒಂದು ಗಂಟೆ ಸಾಕು.

ಹೀಗೆ ಹದ ತಿಳಿದ ಮನುಷ್ಯನಿಗೆ ಕಾಯುವ ಹಕ್ಕು ಇರಲಿಲ್ಲ. ಬೇಲ್ ಕಟ್ಟಿ ಹರಾಜಿಗೆ ಒಯ್ದ ದಿನ ಎಷ್ಟು ಬೆಲೆಯೋ ಅಷ್ಟು. ಒಂದು ವರ್ಷ, ಅಕ್ಕನ ಮದುವೆ ಗೊತ್ತಾಗಿದ್ದ ವರ್ಷ, ಬೆಲೆ ತೀರಾ ಕೆಳಗಿದೆ, ಒಂದು ತಿಂಗಳು ತಡೆದರೆ ಏರುತ್ತದೆ ಎಂದು ಅಪ್ಪ ಹನ್ನೊಂದು ಬೇಲ್‌ಗಳನ್ನು ಮನೆಯಲ್ಲೇ ಇಟ್ಟುಕೊಂಡರು. ಬೆಲೆ ಏರಲಿಲ್ಲ. ಅಕಾಲದ ಮಳೆ ಬಂದು ಗೋಡೆ ಪಕ್ಕದ ನಾಲ್ಕಕ್ಕೆ ಬೂಷ್ಟು ಹಿಡಿಯಿತು. ಆ ಸಾಲ ತೀರಲು ಆರು ವರ್ಷ ಹಿಡಿಯಿತು. ಅದೇ ಎಲೆ ಕೊಂಡವರ ಗೋದಾಮಿಗೆ ಹೋದರೆ, ಅಲ್ಲಿ ಮತ್ತೆ ಒಣಗಿಸಿ, ಒತ್ತಿ, ವರ್ಷಗಟ್ಟಲೆ ಇಡುತ್ತಾರೆ. ಇಟ್ಟಷ್ಟೂ ಅದು ಸೌಮ್ಯವಾಗುತ್ತದೆ. ನಮ್ಮ ಮನೆಯಲ್ಲಿ ಕಾದ ಎಲೆಗೆ ಬೂಷ್ಟು ಬಂತು, ಗೋದಾಮಿನಲ್ಲಿ ಕಾದ ಎಲೆಗೆ ಗುಣ ಬಂತು. ಎಲೆ ಒಂದೇ, ಕಾಲವೂ ಒಂದೇ. ಸೂರು ಬೇರೆ, ಅಷ್ಟೆ. ಅಂದಿನಿಂದ ಯಾರಾದರೂ ‘ತಾಳ್ಮೆ ದೊಡ್ಡ ಗುಣ’ ಎಂದರೆ, ಅವರ ಗೋದಾಮು ಎಲ್ಲಿದೆ ಎಂದು ನನ್ನ ಮನಸ್ಸು ಕೇಳುತ್ತದೆ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಮಳೆಯಲ್ಲಿ ಒದ್ದೆ ಎಲೆ ಮುರಿದ ದಿನ ಅವ್ವನಿಗೆ ತಲೆ ತಿರುಗಿ ವಾಂತಿಯಾಗುತ್ತಿತ್ತು. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಮೈಗಿಳಿಯುತ್ತದೆ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಬೆಳೆಯುವವರನ್ನೂ ಸೇದುವವರನ್ನೂ ತಿನ್ನುವ ಬೆಳೆ ಇದು. ಮನುಷ್ಯನ ಆಯುಷ್ಯ ಕಡಿಮೆ ಮಾಡುವ ವಸ್ತುವಿಗೆ ಆಯುಷ್ಯ ತುಂಬಿಸುತ್ತ ಕೂರುವುದರಲ್ಲೇ ಏನೋ ವಕ್ರವಿದೆ. ವರ್ಷಕ್ಕೊಂದೆರಡು ಎಂದು ನಾನು ಕೊಡುವ ಸಮಜಾಯಿಷಿ ಏನನ್ನೂ ಅಳಿಸುವುದಿಲ್ಲ.

ಆದರೂ ಕಾಯುವುದೆಲ್ಲ ಠಕ್ಕು ಎನ್ನಲು ನನ್ನಿಂದಾಗದು. ನಾಲ್ಕು ದಿನದ ಉಪ್ಪಿನಕಾಯಿಯನ್ನು ಅವ್ವ ಬಡಿಸುತ್ತಿರಲಿಲ್ಲ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೇರಿಸುತ್ತಿದ್ದಳು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ನಾವೆಲ್ಲ ಹಳೇ ಅಕ್ಕಿ ಹುಡುಕುತ್ತೇವೆ. ಅಲ್ಲಿ ಕಾಯುವುದು ವಸ್ತುವಿಗಾಗಿ. ಹೋಳಿಗೆ ಉಪ್ಪು ಹಿಡಿಯಿತೇ ಎಂದು ನೋಡುತ್ತೇವೆ, ಹಿಡಿದ ಮೇಲೆ ಜಾಡಿ ಕೆಳಗಿಳಿಯುತ್ತದೆ. ಅದಕ್ಕೊಂದು ಕೊನೆಯಿದೆ. ಗೆಳೆಯನ ಕಪಾಟಿನಲ್ಲಿ ಆದದ್ದು ಬೇರೆ. ಐದು ವರ್ಷವಾದಾಗ ಎಂಟಾಗಲಿ ಎಂದ, ಎಂಟಾದಾಗ ಹತ್ತಾಗಲಿ ಎಂದ. ಮಗಳ ಮದುವೆಗೆ ಎಂದ, ಆ ದಿನ ಗಡಿಬಿಡಿಯಲ್ಲಿ ಮರೆತ. ಅವನಿಗೆ ಸೇದುವುದಕ್ಕಿಂತ ಇಟ್ಟುಕೊಂಡಿರುವುದೇ ರುಚಿಸತೊಡಗಿತ್ತು. ತೆರೆದರೆ ಖರ್ಚಾಗುತ್ತದೆ. ಇಟ್ಟರೆ ಎಲ್ಲ ಮುಂದೆ ಇದೆ ಎಂಬ ಧೈರ್ಯ.

ಅಧ್ಯಕ್ಷ ಕೆನಡಿಯ ಕತೆ ನೆನಪಾಗುತ್ತದೆ. 1962ರ ಫೆಬ್ರುವರಿಯಲ್ಲಿ ಕ್ಯೂಬಾದ ಮೇಲೆ ವ್ಯಾಪಾರ ನಿರ್ಬಂಧ ಹೇರುವ ಮುನ್ನ, ತನಗೆ ಪ್ರಿಯವಾದ ಪುಟ್ಟ ಉಪ್‌ಮನ್ ಸಿಗಾರ್‌ಗಳನ್ನು ಸಾವಿರ ತರಿಸು ಎಂದು ಆತ ತನ್ನ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್‌ಗೆ ಹೇಳಿದ್ದ. ಸ್ಯಾಲಿಂಜರ್ 1,200 ತಂದದ್ದನ್ನು ಕೇಳಿ ಖುಷಿಯಾಗಿ, ಮೇಜಿನ ಸೆಳೆಖಾನೆಯಿಂದ ಆದೇಶ ತೆಗೆದು ಸಹಿ ಹಾಕಿದ. ಇದನ್ನು ಬರೆದಿಟ್ಟವನು ಸ್ಯಾಲಿಂಜರೇ. ಊರಿಗೆಲ್ಲ ಬಾಗಿಲು ಮುಚ್ಚುವ ಮೊದಲು ತನ್ನ ಉಗ್ರಾಣ ತುಂಬಿಸಿಕೊಂಡ ಈ ಜಾಣತನಕ್ಕೆ ಜನ ನಗುತ್ತಾರೆ. ನನಗೆ ಮಾತ್ರ ಮುಂದಿನ ಲೆಕ್ಕ ಕಾಡುತ್ತದೆ. ಅದಾಗಿ 21 ತಿಂಗಳಿಗೆ, 1963ರ ನವೆಂಬರಿನಲ್ಲಿ, ಆತ ಇರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಪೆಟ್ಟಿಗೆಯನ್ನೂ ಒಯ್ದೆ. ಅಪ್ಪನಿಗೀಗ 82. ಬೀಡಿ ಬಿಟ್ಟು ಮೂವತ್ತು ವರ್ಷವಾಯಿತು. ಜಗಲಿಯಲ್ಲಿ ಕೂತಿದ್ದವರ ಕೈಗೆ ಒಂದು ಸಿಗಾರ್ ಕೊಟ್ಟೆ. ಹಿಂದೆ ಎಲೆ ನೋಡುತ್ತಿದ್ದ ಹಾಗೇ ನೋಡಿದರು. ಕಿವಿಯ ಬಳಿ ಹಿಡಿದು ಬೆರಳಲ್ಲಿ ಮೆತ್ತಗೆ ಹೊರಳಿಸಿದರು, ಮೂಸಿದರು, ತುದಿಯನ್ನು ಒತ್ತಿ ಬಿಟ್ಟರು. ಗೆಳೆಯ ಹೇಳಿದ್ದನ್ನು ಹೇಳಿದೆ, ಇನ್ನೂ ಮೂರು ವರ್ಷ ಇಡಬೇಕಂತೆ ಎಂದು.

‘ಹದ ಬಂದುಬುಟ್ಟದೆ ಕಣ್ಲಾ. ಇನ್ಯಾತಕ್ಕೆ ಕಾಯ್ತಿಯೆ?’ ಎಂದರು.

ಅವರು ಸಿಗಾರ್ ತಜ್ಞರಲ್ಲ. ಆದರೆ ಅಷ್ಟು ದಿನ ನಾನು ತಡಕಾಡುತ್ತಿದ್ದ ಪದ ಅವರ ಬಾಯಲ್ಲಿ ಸಿಕ್ಕಿತು. ಹದ ಬೇರೆ, ಹಳತು ಬೇರೆ. ಹದವೆಂದರೆ ವಸ್ತು ಬಳಸುವುದಕ್ಕೆ ಸರಿಯಾಗಿರುವ ಹೊತ್ತು. ಅದನ್ನು ಕೈ ಹೇಳುತ್ತದೆ, ಮೂಗು ಹೇಳುತ್ತದೆ. ಹಳತು ಎನ್ನುವುದನ್ನು ಕ್ಯಾಲೆಂಡರ್ ಹೇಳುತ್ತದೆ. ಸಿಗಾರಿಗೆ ಬೇಕಾದ ಹದವನ್ನು ನಮಗೆ ಹೆಸರೂ ಗೊತ್ತಿಲ್ಲದ ಜನ ರಾಶಿ ಒಡೆದು ಕಟ್ಟಿ, ಕಣ್ಣು ಉರಿಸಿಕೊಂಡು, ಆಗಲೇ ತಂದಿಟ್ಟಿದ್ದಾರೆ. ಆಮೇಲಿನ ವರ್ಷಗಳಲ್ಲಿ ರುಚಿ ಬದಲಾಗಬಹುದು, ಅದು ಇಷ್ಟವೂ ಆಗಬಹುದು. ಅದನ್ನು ಬಯಸುವುದು ತಪ್ಪಲ್ಲ. ಆದರೆ ನಾವು ಕಪಾಟಿನ ಬಾಗಿಲು ಮುಚ್ಚಿದ್ದಕ್ಕೆ ಸಿಗಾರ್ ‘ಪೂರ್ತಿಯಾಯಿತು’ ಎನ್ನುವುದು, ಅವರ ದುಡಿಮೆಯನ್ನು ನಮ್ಮ ಲೆಕ್ಕಕ್ಕೆ ಬರೆದುಕೊಂಡ ಹಾಗೆ.

ಅಂದು ಸಂಜೆ ಹಿತ್ತಲಿನ ಹುಣಸೆ ಮರದ ಕೆಳಗೆ ಒಂದನ್ನು ಹಚ್ಚಿದೆ. ಮೊದಲ ಎರಡು ಎಳೆತ ಸ್ವಲ್ಪ ಚುರುಕಾಗಿತ್ತು, ಗೆಳೆಯನ ಮಾತು ಅಷ್ಟರಮಟ್ಟಿಗೆ ನಿಜ. ಆಮೇಲೆ ಚೆನ್ನಾಗಿತ್ತು. ಅರ್ಧ ಮುಗಿದಾಗ ಅವನಿಗೆ ಫೋನ್ ಮಾಡಿದೆ. ‘ಇಷ್ಟು ಬೇಗ ಯಾಕೋ ಹಚ್ಚಿದೆ?’ ಎಂದು ಬೈದ. ಬೈದು ಮುಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಗಿದೆ ಎಂದು ಕೇಳಿದ. ಬೂದಿ ಯಾವ ಬಣ್ಣ, ಸಮವಾಗಿ ಉರಿಯುತ್ತಿದೆಯಾ, ನಡುವೆ ಕಾಫಿಯ ವಾಸನೆ ಬಂತಾ ಎಂದೆಲ್ಲ ವಿಚಾರಿಸಿದ. ನಾನು ಗೊತ್ತಾದಷ್ಟು ಹೇಳುತ್ತಾ ಹೋದೆ. ಮುಂದಿನ ಸಲ ಬರುವಾಗ ಉಳಿದ ಪೆಟ್ಟಿಗೆಗಳನ್ನೂ ತರುತ್ತೇನೆ, ಯಾರ್ಯಾರಿಗೆ ಕೊಡಬೇಕೋ ಕೊಟ್ಟುಬಿಡೋಣ ಎಂದ. ಎಷ್ಟು ವರ್ಷದ್ದು ಎಂದು ಈ ಸಲ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.