ಅಪರೂಪದ ರೋಗಿಯೂ ಸಭೆಯ ಕರ್ತವ್ಯವೂ

ಒಂದು ಊರಿನಲ್ಲಿ ಒಂದು ಕೂಸು ಒಂದು ಕಾಲು ದಪ್ಪ ಒಂದು ಕಾಲು ಸಣ್ಣದಾಗಿ ಹುಟ್ಟಿದರೆ, ಅಥವಾ ಹುಟ್ಟಿದ ತರುವಾಯ ಅದರ ಒಂದು ಕೈಯೋ, ಕೆಲವು ಬೆರಳುಗಳೋ, ಮೈಯ ಒಂದು ಮಗ್ಗುಲೋ ಮಿಕ್ಕ ಅವಯವಗಳನ್ನು ಮೀರಿ ಬೆಳೆಯುತ್ತಾ ಹೋದರೆ, ನೆರೆಹೊರೆಯವರು ಕೇಳುವ ಮೊದಲನೆಯ ಪ್ರಶ್ನೆಯು ಇದು ಯಾರ ಪಾಪದ ಫಲವು ಎಂಬದೇ. ಆ ಮನೆಯವರು ವಿಶ್ವಾಸಿಗಳಾಗಿದ್ದರೆ ಸಭೆಯಲ್ಲಿ ಎರಡನೆಯದೊಂದು ಪ್ರಶ್ನೆಯೂ ಏಳುವದು. ಈ ರೋಗವನ್ನು ಬಲ್ಲ ವೈದ್ಯರು ಹತ್ತಿರದಲ್ಲಿಲ್ಲ. ದೂರದ ಪಟ್ಟಣಗಳಲ್ಲಿ ಹುಡುಕಬೇಕು. ಹುಡುಕಿದರೂ ಪೂರ್ಣ ಗುಣವಾಗುವದೆಂಬ ಭರವಸೆಯಿಲ್ಲ. ಹೀಗಿರಲಾಗಿ ಒಂದೇ ಕೂಸಿಗೋಸ್ಕರ ಬಡ ಸಭೆಯು ಹಣವನ್ನೂ ದಿನಗಳನ್ನೂ ವೆಚ್ಚ ಮಾಡುವದು ನ್ಯಾಯವೋ? ಮೊದಲನೆಯ ಪ್ರಶ್ನೆಯು ಬಿಟ್ಟುಬಿಡತಕ್ಕದ್ದು; ಎರಡನೆಯದು ಯೋಚಿಸಿ ಉತ್ತರ ಕೊಡತಕ್ಕದ್ದು. ಇವೆರಡನ್ನೂ ಇಲ್ಲಿ ವಿಚಾರಿಸೋಣ.

ಮೊದಲು ರೋಗದ ಸ್ವರೂಪವನ್ನು ತಿಳುಕೊಳ್ಳುವದು ಅವಶ್ಯ. ವಡಗೇರಾ, ಶಹಾಪುರ, ಸುರಪುರ ಸೀಮೆಯ ಹಳ್ಳಿಗಳಲ್ಲಿ ದಪ್ಪ ಕಾಲನ್ನು ಕಂಡವರು ಕೂಡಲೇ ಅದಕ್ಕೆ ಆನೆಕಾಲು ಎಂದು ಹೆಸರಿಡುತ್ತಾರೆ. ಯಾದಗಿರಿ ಜಿಲ್ಲೆಯು ಆನೆಕಾಲು ರೋಗದ ಜಿಲ್ಲೆಗಳಲ್ಲಿ ಒಂದೆಂದು ಎಣಿಸಲ್ಪಟ್ಟದ್ದರಿಂದ ಹಾಗೆ ತಿಳಿಯುವದು ಆಶ್ಚರ್ಯವಲ್ಲ. ಆದರೆ ಆನೆಕಾಲು ಸೊಳ್ಳೆಯ ಕಡಿತದಿಂದ ಮೈಯೊಳಗೆ ಸೇರುವ ಸಣ್ಣ ಹುಳಗಳಿಂದ ಬರುತ್ತದೆ. ಕಾಲು ದಪ್ಪವಾಗುವದಕ್ಕೆ ಬಹು ವರುಷಗಳು ಹಿಡಿಯುತ್ತವೆ. ಹುಟ್ಟುವಾಗಲೇ ದಪ್ಪವಾಗಿದ್ದ ಕಾಲು ಆ ರೋಗದ್ದಲ್ಲ. ಆನೆಕಾಲಿನ ಗುಳಿಗೆಗಳಿಂದ ಅದು ಇಳಿಯುವದೂ ಇಲ್ಲ. ಅದು ಅತಿಬೆಳವಣಿಗೆಯ ರೋಗಗಳೆಂಬ ಬೇರೊಂದು ಗುಂಪಿಗೆ ಸೇರಿದ್ದಾಗಿರಬಹುದು. ಈ ಗುಂಪಿನಲ್ಲಿ ಅನೇಕ ವಿಧಗಳುಂಟು. ಬೆಕ್‌ವಿತ್ ವೀಡೆಮನ್ ಎಂಬ ವಿಧವು ಸುಮಾರು ೧೦,೦೦೦ದಿಂದ ೧೪,೦೦೦ ಶಿಶುಗಳಲ್ಲಿ ಒಂದಕ್ಕೆ ಬರುವದು. ಅಂಥ ಶಿಶುವಿನ ನಾಲಿಗೆ ದೊಡ್ಡದಾಗಿರುವದು, ಹೊಕ್ಕಳ ಬಳಿಯಲ್ಲಿ ಹೊಟ್ಟೆ ಉಬ್ಬಿರುವದು, ಹುಟ್ಟಿದ ದಿನಗಳಲ್ಲಿ ರಕ್ತದ ಸಕ್ಕರೆ ಇಳಿದುಹೋಗುವದು ಉಂಟು. ಪ್ರೋಟಿಯಸ್ ಎಂಬ ವಿಧವಾದರೋ ಹತ್ತು ಲಕ್ಷ ಜನರಲ್ಲಿ ಒಬ್ಬನಿಗಿಂತಲೂ ಕಡಿಮೆ.

ಇದಕ್ಕೆ ಕಾರಣವೇನು? ನಮ್ಮ ಶರೀರವು ಎಣಿಸಲಾಗದಷ್ಟು ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಎಷ್ಟು ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ಅಪ್ಪಣೆಯು ಒಂದೊಂದು ಕೋಶದೊಳಗೂ ಬರೆದಿರುವದು. ಆ ಬರಹದ ಭಾಗಗಳನ್ನು ವೈದ್ಯರು ಜೀನ್ ಎನ್ನುತ್ತಾರೆ. ಒಂದು ಬೇವಿನ ಮರವನ್ನು ನೆನಸಿರಿ. ಬೀಜವು ಒಳ್ಳೇದು, ಸಸಿಯೂ ಒಳ್ಳೇದು. ಆದರೆ ಬೆಳೆಯುತ್ತಿರುವಾಗ ಒಂದು ಚಿಗುರಿನಲ್ಲಿ ಮಾತ್ರ ಏನೋ ವ್ಯತ್ಯಾಸವಾಯಿತು. ಆ ಚಿಗುರಿನಿಂದ ಹೊರಟ ಕೊಂಬೆಯೆಲ್ಲಾ ಬೇರೆ ರೀತಿಯಾಗಿ ಬೆಳೆಯುವದು. ಮಿಕ್ಕ ಕೊಂಬೆಗಳು ನೆಟ್ಟಗಿರುವವು. ಹಾಗೆಯೇ ಈ ರೋಗಗಳಲ್ಲಿ ಅನೇಕವು ಕೂಸು ಗರ್ಭದಲ್ಲಿ ರೂಪುಗೊಳ್ಳುತ್ತಿರುವಾಗ ಒಂದೇ ಕೋಶದಲ್ಲಿ ಆದ ವ್ಯತ್ಯಾಸದಿಂದ ಹುಟ್ಟುವವು. ಆದಕಾರಣ ತಂದೆಯ ಬೀಜದಲ್ಲಾಗಲಿ ತಾಯಿಯ ಗರ್ಭದಲ್ಲಾಗಲಿ ದೋಷ ಹುಡುಕುವದು ವ್ಯರ್ಥ. ಬೆಕ್‌ವಿತ್ ವೀಡೆಮನ್‌ನಂಥ ಕೆಲವು ವಿಧಗಳು ಕೆಲವು ಮನೆತನಗಳಲ್ಲಿ ಇಳಿದು ಬರುವದುಂಟು. ಅದನ್ನು ಬಲ್ಲ ವೈದ್ಯರಿಂದಲೇ ತಿಳುಕೊಳ್ಳಬೇಕು. ಇಳಿದು ಬಂದರೂ ಅದು ಪಾಪವಲ್ಲ. ಕಣ್ಣಿನ ಬಣ್ಣವೂ ಹಾಗೆಯೇ ಇಳಿದು ಬರುತ್ತದಷ್ಟೆ.

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆಯನ್ನು. ಅವನು ಪಾಪ ಮಾಡಿದನೋ ಅವನ ಹೆತ್ತವರು ಮಾಡಿದರೋ ಎಂದು ಅವರು ವಿಚಾರಿಸಿದರು. ಕರ್ತನು ಎರಡನ್ನೂ ನಿರಾಕರಿಸಿ ಅಲ್ಲಿಗೇ ನಿಲ್ಲಲಿಲ್ಲ. ಆ ಮನುಷ್ಯನಿಗಾಗಿ ಕೆಲಸಕ್ಕೆ ಕೈಹಾಕಿದನು. ಹಿಂದೆ ನೋಡುವ ಪ್ರಶ್ನೆಯನ್ನು ಆತನು ಮುಂದೆ ನೋಡುವ ಕೆಲಸವಾಗಿ ತಿರುಗಿಸಿದನು. ಆದರೂ ಬಸುರಿಯು ಗ್ರಹಣದಲ್ಲಿ ಹೊರಗೆ ಬಂದಳು, ಏನನ್ನೋ ಕಂಡು ಬೆದರಿದಳು ಎಂಬ ಮಾತು ನಮ್ಮ ಸಭೆಗಳಲ್ಲಿಯೂ ಇನ್ನೂ ಸತ್ತಿಲ್ಲ. ಇದು ನಮ್ಮ ದೇಶದವರ ಅಜ್ಞಾನ ಮಾತ್ರವೆಂದು ಯಾರೂ ಎಣಿಸಬಾರದು. ಇಂಗ್ಲೆಂಡಿನ ಲೆಸ್ಟರ್ ಪಟ್ಟಣದಲ್ಲಿ ೧೮೬೨ರಲ್ಲಿ ಹುಟ್ಟಿದ ಜೋಸೆಫ್ ಮೆರಿಕ್ ಎಂಬವನ ತಲೆಯೂ ಬಲಗೈಯೂ ಕಾಲುಗಳೂ ಅಳತೆ ಮೀರಿ ಬೆಳೆದಾಗ, ಬಸುರಿಯಾಗಿದ್ದ ಅವನ ತಾಯಿಯು ಆನೆಗೆ ಬೆದರಿದ್ದೇ ಕಾರಣವೆಂದು ಆ ಮನೆಯವರೂ ನಂಬಿದರು. ಅವನೂ ತನ್ನ ಜೀವಮಾನವೆಲ್ಲಾ ಹಾಗೆಯೇ ನಂಬಿದನು.

ಈ ಮೆರಿಕನ ಚರಿತ್ರೆಯು ನಮ್ಮ ಎರಡನೆಯ ಪ್ರಶ್ನೆಗೂ ಬೆಳಕು ಕೊಡುವದರಿಂದ ಸ್ವಲ್ಪ ಹೇಳತಕ್ಕದ್ದು. ಅವನಿಗೆ ಕೆಲಸ ಸಿಕ್ಕಲಿಲ್ಲ. ಹೊಟ್ಟೆಗೋಸ್ಕರ ತನ್ನ ಶರೀರವನ್ನು ಕಾಸು ಕೊಟ್ಟವರಿಗೆ ತೋರಿಸುವ ಆಟದವರ ಕೈಸೇರಿದನು. ೧೮೮೪ರಲ್ಲಿ ಲಂಡನ್ ಆಸ್ಪತ್ರೆಯ ಶಸ್ತ್ರವೈದ್ಯನಾದ ಫ್ರೆಡರಿಕ್ ಟ್ರೀವ್ಸ್ ಅವನನ್ನು ಕಂಡು ಪರೀಕ್ಷಿಸಿದನು. ೧೮೮೬ರಲ್ಲಿ ಅವನು ಪರದೇಶದಲ್ಲಿ ಹಣ ಕಳಕೊಂಡು, ಕೈಬಿಡಲ್ಪಟ್ಟು ಲಂಡನ್ನಿಗೆ ಹಿಂದಿರುಗಿದಾಗ ಆ ಆಸ್ಪತ್ರೆಯೇ ಆಶ್ರಯವಾಯಿತು. ಗುಣವಾಗದ ರೋಗಿಗಳನ್ನು ಇಟ್ಟುಕೊಳ್ಳುವದು ಅಲ್ಲಿಯ ಕ್ರಮವಾಗಿರಲಿಲ್ಲ. ಆದಾಗ್ಯೂ ಆಸ್ಪತ್ರೆಯ ಅಧ್ಯಕ್ಷನಾದ ಕಾರ್ ಗಾಮನು ಆ ವರುಷದ ಡಿಸೆಂಬರದಲ್ಲಿ ಟೈಮ್ಸ್ ಪತ್ರಿಕೆಗೆ ಕಾಗದ ಬರೆದನು; ಅದನ್ನು ಓದಿದ ಜನರು ಕಳುಹಿಸಿದ ಹಣವು ಅವನ ಪೋಷಣೆಗೆ ಸಾಲುವಷ್ಟಾಯಿತು. ೧೮೯೦ರಲ್ಲಿ ಸಾಯುವ ತನಕ ಅವನು ಅಲ್ಲಿಯೇ ಬಾಳಿದನು. ಯಾವ ವೈದ್ಯನೂ ಅವನನ್ನು ಗುಣಮಾಡಲಿಲ್ಲ. ಅವನ ರೋಗದ ಹೆಸರನ್ನು ಸಹ ಯಾರೂ ಅರಿಯಲಿಲ್ಲ. ಆದರೆ ಅವನಿಗೆ ಒಂದು ಕೋಣೆಯೂ ಸ್ನೇಹಿತರೂ ಸಿಕ್ಕಿದರು.

ಹೆಸರು ಬಂದದ್ದು ಬಹು ಕಾಲದ ಮೇಲೆ. ೧೯೮೩ರಲ್ಲಿ ಜರ್ಮನಿಯ ವೀಡೆಮನ್ ಎಂಬ ವೈದ್ಯನು ಇಂಥ ರೋಗಕ್ಕೆ ರೂಪ ಬದಲಿಸುವ ಗ್ರೀಕ್ ದೇವತೆಯ ಹೆಸರಿನಿಂದ ಪ್ರೋಟಿಯಸ್ ಎಂದು ಹೆಸರಿಟ್ಟನು. ಮೆರಿಕನ ರೋಗವೂ ಇದೇ ಆಗಿರಬಹುದೆಂದು ೧೯೮೬ರಲ್ಲಿ ವೈದ್ಯರು ಸೂಚಿಸಿದರು. ೨೦೧೧ರಲ್ಲಿ ಅಮೆರಿಕದ ಪಂಡಿತರು ೨೯ ಮಂದಿ ಪ್ರೋಟಿಯಸ್ ರೋಗಿಗಳನ್ನು ಶೋಧಿಸಿ, ೨೬ ಮಂದಿಯಲ್ಲಿ ಎಕೆಟಿ೧ ಎಂಬ ಒಂದೇ ಜೀನಿನಲ್ಲಿ ವ್ಯತ್ಯಾಸವನ್ನು ಕಂಡರು. ಪಿಐಕೆ೩ಸಿಎ ಎಂಬ ಇನ್ನೊಂದು ಜೀನಿನ ವ್ಯತ್ಯಾಸದಿಂದ ಬೆಳೆಯುವ ಬೇರೆ ವಿಧದವರಿಗೆ, ಕ್ಯಾನ್ಸರಿಗಾಗಿ ಮಾಡಿದ ಆಲ್ಪೆಲಿಸಿಬ್ ಎಂಬ ಔಷಧವು ಉಪಕಾರ ಮಾಡುತ್ತದೆಂದು ಪ್ಯಾರಿಸ್ ಪಟ್ಟಣದ ವೈದ್ಯರು ೨೦೧೮ರಲ್ಲಿ ೧೯ ಮಂದಿ ರೋಗಿಗಳ ಅನುಭವದಿಂದ ತೋರಿಸಿದರು. ೨೦೨೨ರಲ್ಲಿ ಅಮೆರಿಕದ ಸರಕಾರವು ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ಔಷಧವು ಎಲ್ಲಾ ವಿಧಗಳಿಗೂ ಹೊಂದುವದಿಲ್ಲ, ಬೆಲೆಯೂ ಹೆಚ್ಚು. ಆದರೆ ಈ ಜ್ಞಾನವೆಲ್ಲಾ ಎಲ್ಲಿಂದ ಬಂತು? ಎಲ್ಲಿಯೋ ಯಾರೋ ಒಂದು ಕೂಸನ್ನು ಮನೆಯ ಮೂಲೆಯಲ್ಲಿ ಅಡಗಿಸದೆ ಬಲ್ಲವರ ಬಳಿಗೆ ಕರಕೊಂಡು ಹೋದದ್ದರಿಂದಲೇ ಬಂತು.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಸಭೆಯ ಹಿರಿಯನೊಬ್ಬನು ಹೀಗೆ ಅನ್ನಬಹುದು: ನಮ್ಮಲ್ಲಿ ಚಳಿಜ್ವರದವರಿದ್ದಾರೆ, ಕ್ಷಯದವರಿದ್ದಾರೆ, ಗುಳೆ ಹೋದವರ ಮನೆಗಳಲ್ಲಿ ಮುದುಕರು ಹಸಿದಿದ್ದಾರೆ, ಇವರಿಗೆ ಸ್ವಲ್ಪ ಹಣದಿಂದ ಬಹಳ ಉಪಕಾರವಾಗುವದು, ಆ ಕೂಸಿಗೆ ಬಹಳ ಹಣದಿಂದ ಸ್ವಲ್ಪವೇ. ಈ ಮಾತು ಕಠಿಣ ಹೃದಯದಿಂದ ಬಂದದ್ದಲ್ಲ. ಬಡವರ ಕಾಣಿಕೆಯ ಲೆಕ್ಕ ಇಡುವವನು ಆಡಲೇಬೇಕಾದ ಮಾತು. ತಪ್ಪಿಹೋದ ಒಂದು ಕುರಿಯ ಸಾಮ್ಯವನ್ನು ಹೇಳಿ ಅವನ ಬಾಯಿ ಮುಚ್ಚಿಸುವದು ಸರಿಯಲ್ಲ. ಆ ಸಾಮ್ಯದ ಅರ್ಥವನ್ನು ಅವನೊಂದಿಗೆ ಕೂತು ನೋಡುವದು ಸರಿ. ಕುರುಬನು ಒಂದನ್ನು ಹುಡುಕಹೋದದ್ದು ಅದು ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಬೆಲೆಯುಳ್ಳದ್ದೆಂದಲ್ಲ. ತೊಂಬತ್ತೊಂಬತ್ತು ಒಂದಕ್ಕೊಂದು ಜೊತೆಯಾಗಿದ್ದವು. ಅದೊಂದಕ್ಕೆ ಯಾರೂ ಇರಲಿಲ್ಲ. ಚಳಿಜ್ವರದವನಿಗೆ ಯಾವ ದವಾಖಾನೆಯಲ್ಲಿಯೂ ಔಷಧವುಂಟು. ಕ್ಷಯದವನಿಗೆ ಸರಕಾರವು ಗುಳಿಗೆಗಳನ್ನು ಪುಕ್ಕಟೆ ಕೊಡುತ್ತದೆ. ಅಪರೂಪದ ರೋಗಿಯು ಹತ್ತು ಬಾಗಿಲು ತಟ್ಟಿದರೂ ತನ್ನ ರೋಗವನ್ನು ಹಿಂದೆ ಕಂಡವನೊಬ್ಬನು ಸಿಕ್ಕುವದು ಕಷ್ಟ. ಕರ್ತವ್ಯವನ್ನು ತಲೆಯ ಲೆಕ್ಕದಿಂದ ಮಾತ್ರ ಅಳೆಯದೆ, ಯಾರಿಗೆ ಬೇರೆ ದಿಕ್ಕಿಲ್ಲವೋ ಎಂದೂ ಅಳೆಯಬೇಕು. ಇದಲ್ಲದೆ ಒಂದನ್ನು ಬಿಟ್ಟುಬಿಡುವ ಕುರುಬನು ಮಿಕ್ಕ ಕುರಿಗಳಿಗೂ ಒಂದು ಪಾಠ ಕಲಿಸುತ್ತಾನೆ. ನಾಳೆ ತಮ್ಮ ಸರದಿ ಬಂದಾಗ ತಮ್ಮನ್ನೂ ಬಿಡುವನೆಂದು ಅವು ತಿಳುಕೊಳ್ಳುವವು.

ಗುಣವಾಗದಿದ್ದರೆ ಹುಡುಕಿದ್ದು ವ್ಯರ್ಥವಲ್ಲವೇ ಎಂದು ಕೇಳುವವರಿಗೂ ಉತ್ತರವುಂಟು. ರೋಗಕ್ಕೆ ಸರಿಯಾದ ಹೆಸರು ಸಿಕ್ಕಿದರೆ ತಾಯಿಯ ಮೇಲಿನ ಅಪವಾದವು ತೀರುವದು; ತಾಯಿತಕ್ಕೂ ಹರಕೆಗೂ ಸುಳ್ಳು ವೈದ್ಯರಿಗೂ ಸುರಿಯುವ ಹಣವು ಉಳಿಯುವದು; ತಿಳಿಯದವರು ಕೊಯ್ದು ಕೆಡಿಸುವದು ತಪ್ಪುವದು. ಬೆಕ್‌ವಿತ್ ವೀಡೆಮನ್ ರೋಗದ ಕೂಸುಗಳಲ್ಲಿ ಕೆಲವಕ್ಕೆ ಎಳೆ ಪ್ರಾಯದಲ್ಲಿ ಮೂತ್ರಪಿಂಡದಲ್ಲಿಯೋ ಯಕೃತ್ತಿನಲ್ಲಿಯೋ ಗಡ್ಡೆಯಾಗುವದುಂಟು. ಮೂರು ಮೂರು ತಿಂಗಳಿಗೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರೆ ಅದು ಸಣ್ಣದಿರುವಾಗಲೇ ಸಿಕ್ಕಿ ಜೀವ ಉಳಿಯುವ ಸಂಭವವು ಹೆಚ್ಚು. ಸ್ಕ್ಯಾನಿಂಗ್ ಜಿಲ್ಲೆಯಲ್ಲಿಯೇ ಆಗುವ ಕೆಲಸ. ಆದರೆ ಮಾಡಿಸಬೇಕೆಂದು ಹೇಳುವವನು ದೂರದಲ್ಲಿದ್ದಾನೆ. ಆದಕಾರಣ ಒಂದು ಸಾರಿ ದೂರ ಹೋಗುವದು ಅವಶ್ಯ.

ಹೋಗುವ ದಾರಿಯನ್ನೂ ತಿಳಿಸುತ್ತೇವೆ. ಮೊದಲು ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿರಿ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಹುಟ್ಟಿದಂದಿನಿಂದ ಹದಿನೆಂಟು ವರುಷದ ತನಕ ಮಕ್ಕಳ ಹುಟ್ಟುದೋಷಗಳನ್ನು ಪರೀಕ್ಷಿಸಿ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕಳುಹಿಸುವ ಏರ್ಪಾಡುಂಟು. ಭಾರತ ಸರಕಾರವು ೨೦೨೧ರಲ್ಲಿ ಅಪರೂಪದ ರೋಗಗಳ ವಿಷಯವಾಗಿ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿ ಕೆಲವು ಉತ್ಕೃಷ್ಟ ಕೇಂದ್ರಗಳನ್ನು ಗೊತ್ತುಮಾಡಿತು. ಅವುಗಳಲ್ಲಿ ನಮಗೆ ಹತ್ತಿರವಾದವು ಎರಡು: ಹೈದರಾಬಾದಿನ ನಿಜಾಮ್ ವೈದ್ಯಕೀಯ ಸಂಸ್ಥೆಯು ಅಲ್ಲಿಯ ಡಿಎನ್‌ಎ ಕೇಂದ್ರದೊಡನೆ ನಡಿಸುವದೊಂದು, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯು ಮಾನವ ತಳಿವಿಜ್ಞಾನ ಕೇಂದ್ರದೊಡನೆ ನಡಿಸುವದೊಂದು. ವಡಗೇರಾದವರಿಗೆ ಯಾದಗಿರಿಯಲ್ಲಿ ರೈಲು ಹತ್ತಿದರೆ ಬೆಂಗಳೂರಿಗಿಂತ ಹೈದರಾಬಾದೇ ಸಮೀಪ. ಈಡಾ ಸ್ಕಡ್ಡರ್ ಅಮ್ಮನವರು ೧೯೦೦ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ವೇಲೂರಿನ ಕ್ರೈಸ್ತ ಆಸ್ಪತ್ರೆಯಲ್ಲಿಯೂ ಇಂಥ ರೋಗಗಳನ್ನು ವಿಚಾರಿಸುವ ವಿಭಾಗವುಂಟು. ಆ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಸೇರಿದ ರೋಗಗಳಿಗೆ ೨೦೨೨ರಿಂದ ೫೦ ಲಕ್ಷ ರೂಪಾಯಿಗಳ ವರೆಗೆ ಸಹಾಯವುಂಟು. ಎಲ್ಲಾ ರೋಗಗಳೂ ಆ ಪಟ್ಟಿಯಲ್ಲಿಲ್ಲವಾದ್ದರಿಂದ ಹೋದಲ್ಲಿ ಮೊದಲು ವಿಚಾರಿಸಿರಿ.

ಒಂದು ಮುಖ್ಯ ಸಂಗತಿಯನ್ನು ನೆನಪಿಡಿರಿ. ರಕ್ತವನ್ನು ಪರೀಕ್ಷಿಸಿ ಏನೂ ಇಲ್ಲವೆಂದು ಹೇಳಿದರೆ ಅಲ್ಲಿಗೇ ನಿಲ್ಲಬೇಡಿರಿ. ಮರದ ಒಳ್ಳೇ ಕೊಂಬೆಯ ಎಲೆಯನ್ನು ನೋಡಿದವನಿಗೆ ಬೇರೆ ಕೊಂಬೆಯ ವ್ಯತ್ಯಾಸವು ಕಾಣಲಾರದು. ಬೆಳೆದ ಭಾಗದಿಂದಲೇ ಚಿಕ್ಕ ತುಣುಕು ತೆಗೆದು ನೋಡಬೇಕಾಗಬಹುದು. ಹಾಗೆ ಮಾಡಬೇಕೋ ಎಂದು ವೈದ್ಯರನ್ನು ಕೇಳಿರಿ. ಹೋಗುವಾಗ ಹಳೇ ಚೀಟಿಗಳನ್ನೆಲ್ಲಾ ಒಂದೇ ಚೀಲದಲ್ಲಿಡಿರಿ. ಎರಡು ಕಾಲುಗಳ ಸುತ್ತಳತೆಯನ್ನು ತಿಂಗಳಿಗೊಮ್ಮೆ ದರ್ಜಿಯ ಟೇಪಿನಿಂದ ಅಳೆದು ತಾರೀಖು ಸಹಿತ ಬರೆದಿಡಿರಿ.

ಇದರಲ್ಲಿ ಸಭೆಯ ಪಾಲೆಷ್ಟು? ಗೋಪುರ ಕಟ್ಟುವವನು ಮೊದಲು ಕೂತು ಖರ್ಚನ್ನು ಎಣಿಸಬೇಕೆಂದು ನಮ್ಮ ಕರ್ತನೇ ಕಲಿಸಿದನು. ಗುಣಮಾಡಿಸುತ್ತೇವೆಂದು ಸಭೆಯು ಮಾತು ಕೊಡಬಾರದು. ಹೊಲ ಅಡವಿಟ್ಟು ಸಾಲ ಮಾಡೆಂದು ಯಾರಿಗೂ ಹೇಳಬಾರದು. ಹುಡುಕುವದು, ಜೊತೆಗೆ ಹೋಗುವದು, ಇವೇ ಸಭೆಯ ಪಾಲು. ಓದುಬಲ್ಲ ಯೌವನಸ್ಥನೊಬ್ಬನು ಕಾಗದ ನೋಡಿಕೊಳ್ಳಲಿ; ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗಿರುವ ಸಹೋದರನು ನಿಲ್ದಾಣಕ್ಕೆ ಬಂದು ಕರಕೊಂಡು ಹೋಗಲಿ; ತಂದೆಯು ಕಳಕೊಳ್ಳುವ ಕೂಲಿಗೆ ಕಾಣಿಕೆಯಿಂದ ಸ್ವಲ್ಪ ಕೂಡಿಸಲಿ; ಮನೆಯಲ್ಲಿ ಉಳಿದ ಮಕ್ಕಳಿಗೆ ನೆರೆಯ ಸಹೋದರಿಯು ರೊಟ್ಟಿ ಬಡಿಯಲಿ. ಪಾರ್ಶ್ವವಾಯು ರೋಗಿಯನ್ನು ಹೊತ್ತವರು ನಾಲ್ವರು. ಅವರಲ್ಲಿ ಒಬ್ಬನೂ ವೈದ್ಯನಾಗಿರಲಿಲ್ಲ. ಬಾಗಿಲಲ್ಲಿ ಜನ ತುಂಬಿದ್ದರಿಂದ ಅವರು ಮಾಳಿಗೆ ಬಿಚ್ಚಿದರು. ಸ್ವಾಮಿಯು ಗಮನಿಸಿದ್ದು ಹೊತ್ತವರ ನಂಬಿಕೆಯನ್ನು. ಆದಕಾರಣ ವೈದ್ಯರನ್ನು ಹುಡುಕುವದು ಪ್ರಾರ್ಥನೆಗೆ ವಿರೋಧವೆಂದು ಯಾರೂ ತಿಳಿಯಬಾರದು. ಮಂಚ ಹೊರುವ ಕೈಗಳೂ ಪ್ರಾರ್ಥನೆ ಮಾಡುತ್ತವೆ.

ಕಡೆಯ ಮಾತು. ಮೆರಿಕನನ್ನು ಕಾಸಿಗೆ ತೋರಿಸುತ್ತಿದ್ದ ಡೇರೆಗಳು ಈಗಿಲ್ಲ. ಆದರೆ ಮಗುವಿನ ಚಿತ್ರವನ್ನು ಮೊಬೈಲಿನಲ್ಲಿ ಊರಿಂದೂರಿಗೆ ಹಂಚುವವರಿದ್ದಾರೆ. ಅದೂ ಅಂಥದೇ ಡೇರೆ. ಚಿತ್ರವು ಹೆತ್ತವರ ಒಪ್ಪಿಗೆಯಿಂದ ವೈದ್ಯರಿಗೆ ಮಾತ್ರ ಹೋಗಲಿ. ಆ ಕೂಸು ಮಿಕ್ಕ ಮಕ್ಕಳೊಂದಿಗೆ ಭಾನುವಾರದ ಶಾಲೆಯಲ್ಲಿ ಕೂತುಕೊಳ್ಳಲಿ. ಅದರ ಕಾಲಿಗೆ ಹೊಂದುವ ಕೆರವನ್ನು ಹೊಲಿಯಬಲ್ಲವರು ನಮ್ಮ ಸಭೆಗಳಲ್ಲಿ ಇಲ್ಲವೇ? ಹೈದರಾಬಾದಿನ ವೈದ್ಯರು ಏನು ಹೇಳುವರೋ ಅದು ಅವರ ಕೈಯಲ್ಲಿದೆ. ಕೆರ ಹೊಲಿಯುವದೂ ಜೊತೆಗೆ ರೈಲು ಹತ್ತುವದೂ ನಮ್ಮ ಕೈಯಲ್ಲಿವೆ. ನಮ್ಮ ಕೈಯಲ್ಲಿರುವದನ್ನು ಮಾಡುವದಕ್ಕೆ ಕರ್ತನು ನಮಗೆ ಮನಸ್ಸು ಕೊಡಲಿ.